ಒಡವೆ, ವಾಚ್ ಫೋಟೋ: ಲೈಟ್ ಬಾಕ್ಸ್ ಕೊಳ್ಳುವ ಮುಂಚೆ ಇದನ್ನು ಓದಿ

ಪ್ರಶ್ನೆ: ನಮಸ್ಕಾರ ಸರ್. ನಾವು ತುಮಕೂರಿನವರು. ನಾನು ಒನ್ ಗ್ರಾಮ್ ಗೋಲ್ಡ್ ಸರ, ಜುಮುಕಿ, ಬೆಳ್ಳಿ ಗೆಜ್ಜೆ, ಕಾಲುಂಗುರ ಇವನ್ನೆಲ್ಲ ಇನ್‌ಸ್ಟಾಗ್ರಾಮ್ ಮತ್ತು ವಾಟ್ಸ್ಆ್ಯಪ್‌ನಲ್ಲಿ ಮಾರುತ್ತೇನೆ. ನಮ್ಮ ಯಜಮಾನರು ಹಳೆಯ ಎಚ್‌ಎಂಟಿ ವಾಚ್‌ಗಳನ್ನು ಸರ್ವೀಸ್ ಮಾಡಿ ಮಾರುತ್ತಾರೆ. ಫೋಟೋ ಎಲ್ಲ ಫೋನಿನಲ್ಲೇ. ಚಿನ್ನದ ಬಣ್ಣ ಒಂದು ಸಲ ಹಿತ್ತಾಳೆ ತರ ಬರುತ್ತದೆ, ಇನ್ನೊಂದು ಸಲ ಬಿಳಿಚಿಕೊಳ್ಳುತ್ತದೆ. ವಾಚಿನ ಗಾಜಿನಲ್ಲಿ ನನ್ನ ಫೋನೇ ಕಾಣುತ್ತದೆ. "ಫೋಟೋದಲ್ಲಿ ಬೇರೆ ತರ ಇತ್ತು" ಅಂತ ಕೆಲವರು ಮಾಲು ವಾಪಸ್ ಕಳಿಸಿದ್ದಾರೆ. ಲೈಟ್ ಬಾಕ್ಸ್, ಅದೇ ಒಳಗೆ ಲೈಟ್ ಇರುವ ಫೋಟೋ ಡಬ್ಬ, ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ತಗೊಳ್ಳಲಾ, ಇಲ್ಲ ಒಳ್ಳೆ ಕ್ಯಾಮೆರಾನೇ ಬೇಕಾ? ಎರಡು ಸಾವಿರ ರೂಪಾಯಿ ಒಳಗೆ ದಾರಿ ಇದ್ದರೆ ಹೇಳಿ.

ಉತ್ತರ: ನಮಸ್ಕಾರ. ಕ್ಯಾಮೆರಾ ಈಗ ಬೇಡ. ಲೈಟ್ ಬಾಕ್ಸೂ ಬೇಡ. ಆ ದುಡ್ಡಲ್ಲಿ ಫೋನ್ ಹಿಡಿಯುವ ಕ್ಲಾಂಪ್ ಇರುವ ಒಂದು ಗಟ್ಟಿ ಟ್ರೈಪಾಡ್ ತಗೊಳ್ಳಿ. ಸ್ಟೇಷನರಿ ಅಂಗಡಿಯಿಂದ ದೊಡ್ಡ ಟ್ರೇಸಿಂಗ್ ಪೇಪರ್ ನಾಲ್ಕು ಹಾಳೆ, ಬಿಳಿ ಮತ್ತು ಕಪ್ಪು ಚಾರ್ಟ್ ಶೀಟ್, ಒಂದು ಥರ್ಮಾಕೋಲ್ ಶೀಟ್ ತನ್ನಿ. ಮನೆಯಲ್ಲಿ ಬೆಳಕು ಬರುವ ಒಂದು ಕಿಟಕಿ ಇದ್ದೇ ಇರುತ್ತದೆ. ನಿಮ್ಮ ಕೆಲಸಕ್ಕೆ ಇಷ್ಟು ಸಾಕು. ಯಾಕೆ ಸಾಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರಣ ಗೊತ್ತಿದ್ದರೆ ಯಾವ ಒಡವೆ ಕೈಗೆ ಬಂದರೂ ನೀವೇ ದಾರಿ ಕಂಡುಕೊಳ್ಳಬಹುದು.

ಸೀರೆ, ಮಣ್ಣಿನ ಮಡಕೆ, ಪುಸ್ತಕ ಇಂಥವುಗಳ ಮೇಲೆ ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚೆದುರುತ್ತದೆ. ಅದಕ್ಕೇ ಅವುಗಳ ಫೋಟೋ ಸುಲಭ. ಬೆಳಕು ಸಾಕಷ್ಟಿದ್ದರೆ ಆಯಿತು. ಪಾಲಿಶ್ ಮಾಡಿದ ಲೋಹದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅದು ಕನ್ನಡಿ. ಬಳೆ ಬಾಗಿದ ಕನ್ನಡಿ, ಜುಮುಕಿ ಉಬ್ಬಿದ ಕನ್ನಡಿ, ಕಾಸಿನ ಸರದ ಒಂದೊಂದು ಕಾಸೂ ಒಂದೊಂದು ದಿಕ್ಕಿಗೆ ತಿರುಗಿದ ಪುಟ್ಟ ಕನ್ನಡಿ. ಎದುರಿಗೆ ಏನಿದೆಯೋ ಅದನ್ನೇ ಅವು ತೋರಿಸುತ್ತವೆ. ಚಿನ್ನ ನೀಲಿ ಬೆಳಕನ್ನು ನುಂಗಿ ಹಳದಿ, ಕೆಂಪನ್ನು ವಾಪಸ್ ಕಳಿಸುತ್ತದೆ. ಹಾಗಾಗಿ ಎದುರಿನದಕ್ಕೆ ಹಳದಿ ಬಳಿದು ತೋರಿಸುತ್ತದೆ. ಬೆಳ್ಳಿ ಹೆಚ್ಚುಕಡಿಮೆ ಇದ್ದ ಹಾಗೇ ತೋರಿಸುತ್ತದೆ. ಒಡವೆ ಮುಂದೆ ಕೂತಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಈ ಒಡವೆಗೆ ಎದುರಲ್ಲಿ ಏನು ಕಾಣುತ್ತಿದೆ?

ನಾಳೆ ಬೆಳಿಗ್ಗೆ ನುಣುಪಾದ ಒಂದು ಕಡಗವನ್ನು ಟೇಬಲ್ ಮೇಲಿಡಿ. ಫೋನ್ ಇಡುವ ಜಾಗಕ್ಕೆ ನಿಮ್ಮ ಒಂದು ಕಣ್ಣು ತನ್ನಿ, ಇನ್ನೊಂದನ್ನು ಮುಚ್ಚಿ. ನಿಧಾನವಾಗಿ ನೋಡಿ. ಕಡಗದ ಮೇಲ್ಭಾಗದಲ್ಲಿ ಸೀಲಿಂಗ್ ಕಾಣುತ್ತದೆ. ಪಕ್ಕದಲ್ಲಿ ಕಿಟಕಿ, ಅದರ ಸರಳುಗಳ ಸಮೇತ. ಮುಂಭಾಗದಲ್ಲಿ ಒಂದು ಕಪ್ಪು ಮಚ್ಚೆ ಇರುತ್ತದೆ, ಅದು ನಿಮ್ಮ ತಲೆ. ಅದರ ಕೆಳಗೆ ನೀವು ತೊಟ್ಟ ಬಟ್ಟೆಯ ಬಣ್ಣ. ಹಸಿರು ಚೂಡಿದಾರ್ ಹಾಕಿದ್ದರೆ ಚಿನ್ನದ ಅಂಚಿನಲ್ಲಿ ಹಸಿರು ಇಣುಕುತ್ತದೆ. ನಾವು ಫೋನನ್ನು ಬೈಯುತ್ತೇವೆ, ಫೋನು ಇದ್ದದ್ದನ್ನೇ ತೆಗೆದಿರುತ್ತದೆ. ಫೋಟೋ ತೆಗೆಯುವ ದಿನ ಕಪ್ಪು ಇಲ್ಲವೇ ಬೂದು ಬಣ್ಣದ ಬಟ್ಟೆ ಹಾಕಿಕೊಳ್ಳಿ. ಒಡವೆ ಫೋಟೋಗ್ರಾಫರ್‌ಗಳು ಕೆಲಸದ ದಿನ ಕಪ್ಪು ಅಂಗಿ ತೊಡುವುದು ಇದಕ್ಕೇ.

ಈಗ ಲೈಟ್ ಬಾಕ್ಸ್ ಯಾಕೆ ಬೇಡ ಅಂದೆ ಅಂತ ನೋಡಿ. ಅದು ಸುತ್ತಲೂ ಬಿಳಿ ಗೋಡೆಯ ಒಂದು ಡಬ್ಬ. ಒಳಗೆ ಎಲ್‌ಇಡಿ ಪಟ್ಟಿ. ಚಪ್ಪಲಿ, ಆಟಿಕೆ, ಸೋಪಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೊಳೆಯುವ ಲೋಹವನ್ನು ಒಳಗಿಟ್ಟರೆ ಅದಕ್ಕೆ ಆರು ಕಡೆಯೂ ಬರೀ ಬಿಳಿ ಕಾಣುತ್ತದೆ. ಬಿಳಿ ಮಾತ್ರ ಕಂಡ ಲೋಹಕ್ಕೆ ಅಂಚು ಇರುವುದಿಲ್ಲ, ಉಬ್ಬುತಗ್ಗು ಇರುವುದಿಲ್ಲ. ಬೆಳ್ಳಿ ಬೂದು ಪ್ಲಾಸ್ಟಿಕ್ ಆಗುತ್ತದೆ, ಚಿನ್ನ ಹಳದಿ ಪೇಂಟ್ ಆಗುತ್ತದೆ. ಅಗ್ಗದ ಬಾಕ್ಸಾದರೆ ಎಲ್‌ಇಡಿ ಪಟ್ಟಿಯ ಚುಕ್ಕಿಗಳು ಸಾಲಾಗಿ ಬಳೆಯ ಮೇಲೆ ಕೂತಿರುತ್ತವೆ.

ಲೋಹ ಲೋಹದ ಹಾಗೆ ಕಾಣಬೇಕಾದರೆ ಅದಕ್ಕೆ ಬಿಳಿಯೂ ಬೇಕು, ಕಪ್ಪೂ ಬೇಕು. ಬಿಳಿಯಿಂದ ಕಪ್ಪಿಗೆ ಮೆಲ್ಲಗೆ ಇಳಿಯುವ ಜಾಗವೂ ಬೇಕು. ಆ ಇಳಿಜಾರೇ ನಮ್ಮ ಕಣ್ಣಿಗೆ ಹೊಳಪು ಅಂತ ಅನ್ನಿಸುವುದು. ಇದೊಂದು ವಿಷಯ ಹಿಡಿದುಕೊಂಡರೆ ಉಳಿದದ್ದೆಲ್ಲ ಇದರಿಂದಲೇ ಬರುತ್ತದೆ.

ಜೋಡಿಸುವುದು ಹೀಗೆ. ನೇರ ಬಿಸಿಲು ಬೀಳದ ಕಿಟಕಿ ಆರಿಸಿಕೊಳ್ಳಿ. ಉತ್ತರದ ಕಿಟಕಿಯಾದರೆ ವರ್ಷದ ಹೆಚ್ಚಿನ ತಿಂಗಳು ದಿನವಿಡೀ ಬೆಳಕು ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ಟೇಬಲ್ಲನ್ನು ಕಿಟಕಿ ಪಕ್ಕಕ್ಕೆ ಎಳೆಯಿರಿ. ಬೆಳಕು ಎಡದಿಂದಲೋ ಬಲದಿಂದಲೋ, ಒಡವೆಯ ಸ್ವಲ್ಪ ಹಿಂಭಾಗದಿಂದ ಬರುವ ಹಾಗಿರಲಿ. ಟ್ರೇಸಿಂಗ್ ಪೇಪರ್ ಹಾಳೆಗಳನ್ನು ಅಂಟಿಸಿ ದೊಡ್ಡ ಪರದೆ ಮಾಡಿ, ಒಡವೆ ಮತ್ತು ಕಿಟಕಿಯ ಮಧ್ಯೆ ನಿಲ್ಲಿಸಿ. ಕಿಟಕಿಗೇ ಅಂಟಿಸಬೇಡಿ, ಒಡವೆಯ ಹತ್ತಿರ ತನ್ನಿ. ಫೋಟೋದ ಚೌಕಟ್ಟಿನೊಳಗೆ ಬರದಿದ್ದರೆ ಸರಿ. ಪರದೆ ಹತ್ತಿರ ಬಂದಷ್ಟೂ ಒಡವೆಗೆ ಅದು ದೊಡ್ಡದಾಗಿ ಕಾಣುತ್ತದೆ, ಬೆಳಕು ಅಷ್ಟೂ ಮೆತ್ತಗಾಗುತ್ತದೆ. ಕಿಟಕಿಯ ಸರಳು, ಹೊರಗಿನ ಮರ, ಎದುರು ಮನೆ ಎಲ್ಲ ಮಾಯವಾಗಿ ಒಂದು ಹದವಾದ ಬಿಳಿ ಹೊಳಪು ಉಳಿಯುತ್ತದೆ. ಟ್ರೇಸಿಂಗ್ ಪೇಪರ್ ಸಿಗದಿದ್ದರೆ ಬಟರ್ ಪೇಪರ್ ಆಗುತ್ತದೆ. ತೆಳು ಬಿಳಿ ಪಂಚೆಯೂ ಆಗುತ್ತದೆ, ಅಂಚಿನ ಬಣ್ಣ ಒಳಗೆ ಬರದ ಹಾಗೆ ಮಡಚಿಕೊಳ್ಳಿ.

ಎದುರು ಬದಿಗೆ ಥರ್ಮಾಕೋಲ್ ನಿಲ್ಲಿಸಿ. ಅದು ಬೆಳಕನ್ನು ವಾಪಸ್ ಕಳಿಸಿ ನೆರಳನ್ನು ತಿಳಿ ಮಾಡುತ್ತದೆ. ಈಗ ಫೋಟೋ ಸುಮಾರಾಗಿ ಬರುತ್ತದೆ, ಆದರೆ ಸಪ್ಪೆ. ಇಲ್ಲಿ ಕಪ್ಪು ಚಾರ್ಟ್ ಬೇಕಾಗುತ್ತದೆ. ಅದನ್ನು ಎರಡು ಬೆರಳು ಅಗಲದ ಪಟ್ಟಿಗಳಾಗಿ ಕತ್ತರಿಸಿ. ಒಂದು ಪಟ್ಟಿಯನ್ನು ಬಳೆಯ ಪಕ್ಕ, ಫೋಟೋದಲ್ಲಿ ಕಾಣದ ಹಾಗೆ ನಿಲ್ಲಿಸಿ. ಫೋನಿನ ಪರದೆ ನೋಡುತ್ತಾ ಪಟ್ಟಿಯನ್ನು ನಿಧಾನವಾಗಿ ಹತ್ತಿರ ತನ್ನಿ. ಒಂದು ಕ್ಷಣದಲ್ಲಿ ಬಳೆಯ ಅಂಚಿಗೆ ತೆಳ್ಳನೆ ಗಾಢ ಗೆರೆ ಬರುತ್ತದೆ. ಬಳೆ ಹಿನ್ನೆಲೆಯಿಂದ ಎದ್ದು ನಿಲ್ಲುತ್ತದೆ. ಒಂದು ಇಂಚು ಆ ಕಡೆ ಸರಿಸಿದರೆ ಗೆರೆ ಹೋಗುತ್ತದೆ, ಒಂದು ಇಂಚು ಈ ಕಡೆ ತಂದರೆ ಬಳೆ ಮಸಿ ಬಳಿದ ಹಾಗಾಗುತ್ತದೆ. ಈ ಹುಡುಕಾಟಕ್ಕೆ ಸಮಯ ಕೊಡಿ. ಫೋಟೋದ ಬೆಲೆ ಇಲ್ಲೇ ಜಾಸ್ತಿಯಾಗುವುದು.

ಚಿನ್ನದ ಬಣ್ಣಕ್ಕೆ ಬರೋಣ. ನೀವು ಹೇಳಿದ ಎರಡು ತೊಂದರೆಗೂ ಕಾರಣ ಬೇರೆ ಬೇರೆ. ಹಿತ್ತಾಳೆ ತರ ಕಾಣುವುದು ಬಹಳ ಸಲ ಎರಡು ಬೆಳಕು ಬೆರೆತಾಗ. ಕಿಟಕಿಯ ಬೆಳಕು ಸ್ವಲ್ಪ ನೀಲಿ, ಟ್ಯೂಬ್‌ಲೈಟ್‌ನದು ಸ್ವಲ್ಪ ಹಸಿರು, ಹಳದಿ ಬಲ್ಬಿನದು ಕಿತ್ತಳೆ. ಫೋನು ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಹಾಗಾಗಿ ಕಿಟಕಿ ಬೆಳಕಲ್ಲಿ ತೆಗೆಯುವಾಗ ಮನೆಯ ಎಲ್ಲ ಲೈಟ್ ಆರಿಸಿ. ಪಕ್ಕದ ರೂಮಿನದೂ ಸೇರಿಸಿ. ಚಿನ್ನದ ಎದುರಿಗೆ ಕತ್ತಲೆ ಜಾಸ್ತಿಯಿದ್ದರೂ ಬಣ್ಣ ಕಂದು ತಿರುಗುತ್ತದೆ. ಅದಕ್ಕೆ ಥರ್ಮಾಕೋಲ್ ಇನ್ನಷ್ಟು ಹತ್ತಿರ ತರಬೇಕು.

ಬಿಳಿಚಿಕೊಳ್ಳುವುದು ಬೆಳಕು ಮಿತಿಮೀರಿ ದಾಖಲಾದಾಗ. ಫೋನಿನ ಪರದೆಯಲ್ಲಿ ಒಡವೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ. ಫೋಕಸ್ ಮತ್ತು ಬೆಳಕು ಲಾಕ್ ಆಗುತ್ತದೆ. ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಕ್ಕೆ ಎಳೆಯಿರಿ. ಚಿನ್ನದ ಹೊಳಪಿನ ಜಾಗದಲ್ಲಿ ಹಳದಿ ಛಾಯೆ ವಾಪಸ್ ಬರುವವರೆಗೆ ಎಳೆಯಿರಿ. ಹಿನ್ನೆಲೆ ಸ್ವಲ್ಪ ಬೂದಾದರೆ ಚಿಂತೆಯಿಲ್ಲ, ಆಮೇಲೆ ಸರಿ ಮಾಡಬಹುದು. ಪೂರ್ತಿ ಬೆಳ್ಳಗಾದ ಜಾಗದಲ್ಲಿ ಬಣ್ಣದ ಮಾಹಿತಿಯೇ ಇರುವುದಿಲ್ಲ. ಯಾವ ಆ್ಯಪ್ ಕೂಡ ಅದನ್ನು ವಾಪಸ್ ತರಲಾರದು.

ಬಣ್ಣ ಪಕ್ಕಾ ಬರಬೇಕಾದರೆ ಫೋನಿನ ಪ್ರೊ ಮೋಡ್‌ಗೆ ಹೋಗಿ. ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಬಣ್ಣ ಹೊಂದಿಸುವ ಸೆಟ್ಟಿಂಗ್, ಆಟೋದಲ್ಲಿ ಬಿಡಬೇಡಿ. ಆಟೋದಲ್ಲಿದ್ದರೆ ಚೌಕಟ್ಟಿನಲ್ಲಿ ಹಳದಿ ಜಾಸ್ತಿ ಕಂಡ ತಕ್ಷಣ ಫೋನು ಅದನ್ನು ದೋಷ ಅಂದುಕೊಂಡು ತಣ್ಣಗೆ ಮಾಡಿಬಿಡುತ್ತದೆ. ಹಗಲು ಬೆಳಕಿಗೆ 5,500 ಕೆಲ್ವಿನ್ ಹತ್ತಿರ ಇಟ್ಟು, ಒಂದು ಬಿಳಿ ಹಾಳೆ ಬಿಳಿಯಾಗಿಯೇ ಕಾಣುವವರೆಗೆ ಹೆಚ್ಚುಕಡಿಮೆ ಮಾಡಿ. ಆಮೇಲೆ ಅವತ್ತಿನ ಎಲ್ಲ ಫೋಟೋಗೂ ಅದೇ ಅಂಕಿ ಇರಲಿ. ಮೋಡ ಕವಿದರೆ ಇನ್ನೊಮ್ಮೆ ಹಾಳೆ ಇಟ್ಟು ನೋಡಿ. ನಿಮ್ಮ ಪೇಜಿನಲ್ಲಿ ಹತ್ತು ಸರ ಹತ್ತು ಬಣ್ಣದಲ್ಲಿದ್ದರೆ ನೋಡುವವರಿಗೆ ಯಾವುದರ ಮೇಲೂ ನಂಬಿಕೆ ಬರುವುದಿಲ್ಲ, ಅಲ್ವಾ?

ಸಂಜೆ ಮೇಲೆಯೇ ಬಿಡುವು ಸಿಗುತ್ತದೆ ಅನ್ನುವುದಾದರೆ ಒಂದು ಎಲ್‌ಇಡಿ ಲೈಟ್ ಬೇಕಾಗುತ್ತದೆ. ವ್ಯಾಟ್ ನೋಡುವ ಮೊದಲು ಸಿಆರ್‌ಐ ನೋಡಿ. ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಳತೆ ಅದು. 95 ಅಥವಾ ಅದಕ್ಕಿಂತ ಮೇಲೆ ಇರಲಿ. ಸಾಧಾರಣ ಮನೆಯ ಬಲ್ಬುಗಳು 80ರ ಸುತ್ತಮುತ್ತ ಇರುತ್ತವೆ. ಕೆಂಪು ಬಣ್ಣ ಅವುಗಳಲ್ಲಿ ಸತ್ತ ಹಾಗಾಗುತ್ತದೆ. ಕೆಂಪು ಹರಳಿನ ಒಡವೆ, ಚಿನ್ನ ಎರಡಕ್ಕೂ ಕೆಂಪೇ ಜೀವ. ಫೋಟೋದಲ್ಲಿ ಅಡ್ಡಡ್ಡ ಪಟ್ಟೆ ಬಂದರೆ ಅದು ಬಲ್ಬಿನ ಮಿನುಗು. ನಮ್ಮ ಕರೆಂಟ್ 50 ಹರ್ಟ್ಜ್ ಇರುವುದರಿಂದ ಶಟರ್ ವೇಗವನ್ನು ಸೆಕೆಂಡಿನ 50ನೇ ಅಥವಾ 100ನೇ ಒಂದು ಭಾಗಕ್ಕೆ ಇಟ್ಟರೆ ಸಾಮಾನ್ಯವಾಗಿ ಹೋಗುತ್ತದೆ.

ಹರಳುಗಳ ಲೆಕ್ಕ ಲೋಹದ್ದಕ್ಕಿಂತ ಬೇರೆ. ಎಡಿ ಸ್ಟೋನ್‌ಗೆ, ಅಂದರೆ ವಜ್ರದ ಹಾಗೆ ಕಾಣುವ ಅಮೆರಿಕನ್ ಡೈಮಂಡ್ ಹರಳಿಗೆ, ಮೆತ್ತನೆ ಬೆಳಕು ಕೊಟ್ಟರೆ ಗಾಜಿನ ಚೂರಿನ ಹಾಗೆ ಮಂಕಾಗುತ್ತದೆ. ಅದಕ್ಕೆ ಸಣ್ಣ, ಚುರುಕಾದ ಬೆಳಕಿನ ಬಿಂದು ಬೇಕು. ಮೊದಲು ಟ್ರೇಸಿಂಗ್ ಪೇಪರ್ ಬೆಳಕಲ್ಲಿ ಲೋಹವನ್ನು ಸರಿ ಮಾಡಿಕೊಳ್ಳಿ. ಆಮೇಲೆ ಇನ್ನೊಂದು ಫೋನಿನ ಟಾರ್ಚನ್ನು ಒಂದೆರಡು ಅಡಿ ದೂರದಿಂದ, ಮೇಲಿನಿಂದ ಹಿಡಿದು ನಿಧಾನವಾಗಿ ಆಡಿಸಿ. ಯಾವ ಕೋನದಲ್ಲಿ ಹರಳು ಕಿಡಿ ಹಾರಿಸುತ್ತದೋ ಅಲ್ಲಿ ನಿಲ್ಲಿಸಿ ಕ್ಲಿಕ್ ಮಾಡಿ. ಬಿಡಿ ಫೋಟೋಗಿಂತ ಈ ಮಿಂಚು ವಿಡಿಯೋದಲ್ಲಿ ಚೆನ್ನಾಗಿ ಬರುತ್ತದೆ. ಹತ್ತು ಸೆಕೆಂಡಿನ ವಿಡಿಯೋ, ಒಡವೆ ಮೆಲ್ಲಗೆ ತಿರುಗುತ್ತಿದ್ದರೆ ಸಾಕು.

ಕುಂದನ್ ಮತ್ತು ಹಳೆಯ ಕೆಂಪಿನ ಒಡವೆಗಳಲ್ಲಿ ಹರಳಿನ ಹಿಂದೆ ತೆಳು ಹೊಳಪಿನ ಹಾಳೆ ಇಟ್ಟು ಹಿಂಬದಿ ಮುಚ್ಚಿರುತ್ತಾರೆ. ಇವಕ್ಕೆ ಹಿಂದಿನಿಂದ ಬೆಳಕು ಕೊಟ್ಟರೆ ಪ್ರಯೋಜನವಿಲ್ಲ. ಬೆಳಕು ಮುಂದಿನಿಂದ ಒಳಗೆ ಹೋಗಿ ಹಾಳೆಗೆ ಬಡಿದು ವಾಪಸ್ ಬರಬೇಕು. ಟಾರ್ಚನ್ನು ಫೋನಿನ ಪಕ್ಕಕ್ಕೇ ತಂದು, ಮೇಲೆ ಒಂದು ಪದರ ಟ್ರೇಸಿಂಗ್ ಪೇಪರ್ ಹಿಡಿದು ನೋಡಿ, ಕೆಂಪು ಒಳಗಿನಿಂದ ಹೊತ್ತಿಕೊಳ್ಳುತ್ತದೆ. ಹಿಂಬದಿ ತೆರೆದಿರುವ ಹರಳಾದರೆ ಇದರ ಉಲ್ಟಾ: ಹರಳಿನ ಹಿಂದೆ, ಕಾಣದ ಹಾಗೆ, ಉಗುರಿನಷ್ಟು ಬಿಳಿ ಕಾಗದ ಇಟ್ಟರೆ ಬಣ್ಣ ತೆರೆದುಕೊಳ್ಳುತ್ತದೆ. ಒಡವೆಯನ್ನು ಬೆನ್ನು ತಿರುಗಿಸಿ ನೋಡುವುದು ಇದಕ್ಕೇ ಮುಖ್ಯ. ಮುತ್ತಿಗೆ ಒಂದೇ ಒಂದು ಮೆತ್ತನೆ ಬೆಳಕು, ಪಕ್ಕದಿಂದ. ಎರಡು ಮೂರು ಲೈಟ್ ಹಾಕಿದರೆ ಪ್ರತಿ ಮುತ್ತಿನ ಮೇಲೂ ಎರಡು ಮೂರು ಚುಕ್ಕೆ ಬಂದು ಸರ ಪೂರ್ತಿ ಗಲಿಬಿಲಿಯಾಗುತ್ತದೆ.

ಟೆಂಪಲ್ ಜ್ಯುವೆಲರಿಯ ಲಕ್ಷ್ಮಿ ಪದಕ, ನಕಾಶೆ ಕೆಲಸದ ಬಳೆ ಇವುಗಳಿಗೆ ಬೆಳಕನ್ನು ಇನ್ನೂ ತಗ್ಗಿಸಿ, ಪಕ್ಕದಿಂದ ಕೆತ್ತನೆಯ ಮೇಲೆ ಸವರಿಕೊಂಡು ಹೋಗುವ ಹಾಗೆ ಇಡಿ. ಥರ್ಮಾಕೋಲನ್ನು ದೂರ ಮಾಡಿ. ಕೆತ್ತನೆಯ ಗುಂಡಿಗಳಲ್ಲಿ ನೆರಳು ಉಳಿದರೆ ಮಾತ್ರ ಕೈಕೆಲಸ ಕಾಣುತ್ತದೆ. ಮಾಡಿದವರು ಗಂಟೆಗಟ್ಟಲೆ ಕೂತು ಹಾಕಿದ ಗೆರೆಗಳವು. ಚಪ್ಪಟೆ ಬೆಳಕಲ್ಲಿ ಅವನ್ನು ಅಳಿಸಿಬಿಡುವುದು ನನಗೆ ನಿಜಕ್ಕೂ ಬೇಜಾರು ತರಿಸುತ್ತದೆ.

ಹಿನ್ನೆಲೆಯಾಗಿ ರೇಷ್ಮೆ ಸೀರೆ ಹಾಸುವುದು ನಮ್ಮಲ್ಲಿ ರೂಢಿ. ನನಗೆ ಅದು ಇಷ್ಟವಿಲ್ಲ. ಸೀರೆಯ ಜರಿ ಒಡವೆಯ ಜೊತೆ ಪೈಪೋಟಿಗೆ ನಿಲ್ಲುತ್ತದೆ. ಸೀರೆಯ ಬಣ್ಣ ಚಿನ್ನದೊಳಗೆ ಕಾಣುತ್ತದೆ. ಮೊದಲೇ ಹೇಳಿದೆನಲ್ಲ, ಅದು ಕನ್ನಡಿ. ಮೊದಲ ಫೋಟೋಗೆ ಬಿಳಿ ಅಥವಾ ತಿಳಿ ಬೂದು ಚಾರ್ಟ್ ಸಾಕು. ಅದನ್ನು ಗೋಡೆಗೆ ಆನಿಸಿ ಟೇಬಲ್ ಮೇಲೆ ಮಡಿಕೆ ಬೀಳದ ಹಾಗೆ ಇಳಿಬಿಟ್ಟರೆ ಹಿಂದೆ ಗೆರೆ ಕಾಣುವುದಿಲ್ಲ. ಬೆಳ್ಳಿಗೆ ಮಾತ್ರ ಪಾಲಿಶ್ ಮಾಡದ ಕಡಪ ಕಲ್ಲಿನ ಒಂದು ತುಂಡು ಬಹಳ ಚೆನ್ನಾಗಿ ಒಪ್ಪುತ್ತದೆ. ಕಲ್ಲಿನ ಅಂಗಡಿಯಲ್ಲಿ ಮುರಿದ ಚೂರು ಕೇಳಿದರೆ ಸಿಗುತ್ತದೆ. ಗೆಜ್ಜೆಯ ಒಂದೊಂದು ಗುಂಡೂ ಅದರ ಮೇಲೆ ಬಿಡಿಬಿಡಿಯಾಗಿ ಕಾಣುತ್ತದೆ.

ಉಂಗುರ, ಕಾಲುಂಗುರ ನಿಲ್ಲಿಸಲು ಹಿಂದೆ ಸ್ವಲ್ಪ ಮೇಣ ಅಂಟಿಸಿ. ಜುಮುಕಿಯನ್ನು ಮಲಗಿಸಿ ತೆಗೆಯಬೇಡಿ, ನೇತಾಡುವ ವಸ್ತು ನೇತಾಡಬೇಕು. ತೆಳು ನೈಲಾನ್ ದಾರದಲ್ಲಿ ಕಟ್ಟಿ ಇಳಿಬಿಡಿ. ದಾರ ಕಂಡರೆ ಎಡಿಟ್ ಮಾಡುವಾಗ ಅಳಿಸಬಹುದು.

ಒಡವೆಯ ಶುಚಿ ಬಗ್ಗೆ ಎರಡು ಮಾತು. ಬರಿಗಣ್ಣಿಗೆ ಕಾಣದ ಬೆರಳಚ್ಚು, ಹತ್ತಿಯ ಎಳೆ, ಅರಿಶಿನದ ಪುಡಿ ಎಲ್ಲ ಫೋಟೋದಲ್ಲಿ ದೊಡ್ಡದಾಗಿ ಕಾಣುತ್ತದೆ. ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸಿ, ಗಾಳಿ ಊದುವ ರಬ್ಬರ್ ಬ್ಲೋವರ್‌ನಿಂದ ದೂಳು ತೆಗೆಯಿರಿ. ಬಾಯಿಂದ ಊದಬೇಡಿ, ಎಂಜಲಿನ ಹನಿ ಬೀಳುತ್ತದೆ. ಆಮೇಲೆ ಹತ್ತಿ ಗ್ಲೌಸ್ ಹಾಕಿಕೊಂಡೇ ಮುಟ್ಟಿ. ಅಪ್ಪಟ ಚಿನ್ನವಾದರೆ ಅಂಟುವಾಳದ ನೀರಿನಲ್ಲಿ ತೊಳೆದು ಒಣಗಿಸಬಹುದು. ಒನ್ ಗ್ರಾಮ್ ಗೋಲ್ಡ್, ಮುತ್ತು, ಹಿಂಬದಿ ಮುಚ್ಚಿದ ಕುಂದನ್ ಇವನ್ನು ಮಾತ್ರ ನೀರಿಗೆ ಹಾಕಬೇಡಿ. ನೀರು ಒಳಗೆ ಇಳಿದರೆ ಹರಳಿನ ಹಿಂದಿನ ಹಾಳೆ ಕಪ್ಪಾಗುತ್ತದೆ.

ಫೋನಿನದು ಒಂದೇ ದೊಡ್ಡ ಅಪಾಯ: ತೀರಾ ಹತ್ತಿರ ಹೋಗುವುದು. ಅಂಗೈ ಅಗಲದ ದೂರದಿಂದ ತೆಗೆದರೆ ಉಂಗುರದ ಮುಂಭಾಗ ಊದಿಕೊಂಡು ಹಿಂಭಾಗ ಸಣ್ಣಗಾಗುತ್ತದೆ. ಫೋನಿನ ನೆರಳೂ ಬೀಳುತ್ತದೆ. ಒಂದಡಿ ಹಿಂದೆ ಸರಿದು 2 ಎಕ್ಸ್ ಅಥವಾ 3 ಎಕ್ಸ್ ಜೂಮ್ ಹಾಕಿ. ಹತ್ತಿರ ಹೋದ ತಕ್ಷಣ ತಾನೇ ಮ್ಯಾಕ್ರೋಗೆ, ಅಂದರೆ ತೀರಾ ಹತ್ತಿರದಿಂದ ತೆಗೆಯುವ ಮೋಡ್‌ಗೆ, ಜಿಗಿಯುವ ಫೋನಾದರೆ ಆ ಸೆಟ್ಟಿಂಗ್ ಆಫ್ ಮಾಡಿ. ಪೋರ್ಟ್ರೇಟ್ ಮೋಡ್ ಬಳಸಲೇಬೇಡಿ. ಅದು ಹಿನ್ನೆಲೆಯನ್ನು ಲೆಕ್ಕ ಹಾಕಿ ಮಸುಕು ಮಾಡುವಾಗ ಜುಮುಕಿಯ ತುದಿಯ ಮಣಿಗಳನ್ನೂ ತಿಂದುಹಾಕುತ್ತದೆ. ಟ್ರೈಪಾಡ್ ಮೇಲಿಟ್ಟು 3 ಸೆಕೆಂಡಿನ ಟೈಮರ್ ಹಾಕಿ, ಕೈ ತೆಗೆಯಿರಿ. ಲೆನ್ಸ್ ಒರೆಸಿಕೊಳ್ಳುವುದು ಎಷ್ಟೋ ಜನರಿಗೆ ನೆನಪೇ ಇರುವುದಿಲ್ಲ.

ಇನ್ನು ಯಜಮಾನರ ವಾಚುಗಳು. ನನಗೆ ಈ ಭಾಗ ತುಂಬಾ ಇಷ್ಟ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚ್ ತಯಾರಿಕೆ ನಿಮ್ಮ ತುಮಕೂರಿಗೂ ಬಂತು. 2016ರಲ್ಲಿ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಮಾಡಿತು. ಈಗ ಜನತಾ ಅಥವಾ ಪೈಲಟ್ ಮಾದರಿಯ ಒಂದು ಒಳ್ಳೆ ಎಚ್‌ಎಂಟಿ ಹುಡುಕುವವರು ದೇಶವಿಡೀ ಇದ್ದಾರೆ. ತುಮಕೂರಿನ ವಾಚ್ ರಿಪೇರಿಯವರ ಕೈಯಿಂದ ಬಂದ ವಾಚು ಅನ್ನುವುದಕ್ಕೇ ಒಂದು ತೂಕ ಇದೆ. ಅದನ್ನು ವಿವರದಲ್ಲಿ ಬರೆಯಿರಿ.

ಮೊದಲು ಮುಳ್ಳುಗಳು. 10 ಗಂಟೆ 10 ನಿಮಿಷಕ್ಕೆ ಒಂದೆರಡು ನಿಮಿಷ ಮುಂಚೆ ನಿಲ್ಲಿಸಿ. ಜಾಹೀರಾತುಗಳಲ್ಲಿ ಹೀಗೆ ಇಡುವುದಕ್ಕೆ ನೇರ ಕಾರಣ ಇದೆ: 12ರ ಕೆಳಗಿರುವ ಕಂಪನಿ ಹೆಸರು ಎರಡು ಮುಳ್ಳುಗಳ ನಡುವೆ ತೆರೆದು ಕಾಣುತ್ತದೆ, 3ರ ಹತ್ತಿರದ ತಾರೀಖು ಮುಚ್ಚುವುದಿಲ್ಲ, ಎರಡೂ ಬದಿ ಸಮ ಇರುತ್ತದೆ. ಸೆಕೆಂಡ್ ಮುಳ್ಳು 35ರ ಸುತ್ತ ಇದ್ದರೆ ಚೆಂದ. ಸೆಲ್ ಹಾಕುವ ವಾಚಾದರೆ ಕ್ರೌನ್, ಅಂದರೆ ಪಕ್ಕದಲ್ಲಿ ತಿರುಗಿಸುವ ಗುಂಡಿ, ಎಳೆದರೆ ಮುಳ್ಳು ನಿಲ್ಲುತ್ತದೆ. ಜನತಾ, ಪೈಲಟ್‌ನಂಥ ಕೀ ಕೊಡುವ ವಾಚಿನಲ್ಲಿ ಎಳೆದರೂ ಅದು ಓಡುತ್ತಲೇ ಇರುತ್ತದೆ. ಕೀ ಪೂರ್ತಿ ಇಳಿದು ತಾನಾಗಿ ನಿಲ್ಲುವವರೆಗೆ ಕಾಯಿರಿ, ಆಮೇಲೆ ದೊಡ್ಡ ಎರಡು ಮುಳ್ಳನ್ನು ಜೋಡಿಸಿ. ಇಲ್ಲವಾದರೆ ಓಡುತ್ತಿರುವಾಗಲೇ ಸೆಕೆಂಡ್ ಮುಳ್ಳು 35ಕ್ಕೆ ಬರುವುದನ್ನು ಕಾದು ಕ್ಲಿಕ್ ಮಾಡಿ. ಕ್ರೌನ್ ಎಳೆದು ಫೋಟೋ ತೆಗೆದಿದ್ದರೆ ಹೊರಗೆ ಚಾಚಿಕೊಂಡಿರುವುದು ಕಾಣುತ್ತದೆ. ಒಳಗೆ ಒತ್ತಿದ ಸ್ಥಿತಿಯ ಒಂದು ಫೋಟೋ ಬೇರೆ ಇರಲಿ.

ಗಾಜಿನಲ್ಲಿ ಫೋನ್ ಕಾಣುವುದಕ್ಕೆ ಮದ್ದು ಸುಲಭ. ದೊಡ್ಡ ಕಪ್ಪು ಚಾರ್ಟಿನ ನಡುವೆ ಲೆನ್ಸಿನಷ್ಟೇ ತೂತು ಮಾಡಿ, ಫೋನಿನ ಮುಂದೆ ಅಂಟಿಸಿ. ಈಗ ಗಾಜಿಗೆ ಫೋನೂ ಕಾಣುವುದಿಲ್ಲ, ನೀವೂ ಕಾಣುವುದಿಲ್ಲ, ಬರೀ ಕಪ್ಪು ಕಾಣುತ್ತದೆ. ಕಪ್ಪು ಕಂಡ ಗಾಜು ಇಲ್ಲದ ಹಾಗೇ. ಹಳೆಯ ಎಚ್‌ಎಂಟಿಯ ಉಬ್ಬಿದ ಪ್ಲಾಸ್ಟಿಕ್ ಗಾಜು ಸ್ವಲ್ಪ ತಂಟೆ ಮಾಡುತ್ತದೆ. ಉಬ್ಬಿರುವುದರಿಂದ ಅದಕ್ಕೆ ಇಡೀ ಕೋಣೆ ಕಾಣುತ್ತದೆ. ಪೂರ್ತಿ ತೆಗೆಯಲು ಹೋಗಬೇಡಿ. ಕಿಟಕಿಯ ಹೊಳಪು ಡಯಲ್ಲಿನ ಮಧ್ಯದಿಂದ ಅಂಚಿಗೆ ಸರಿಯುವ ಹಾಗೆ ವಾಚನ್ನು ಸ್ವಲ್ಪ ತಿರುಗಿಸಿ. ಅಂಚಿನಲ್ಲಿ ಒಂದು ತೆಳು ಹೊಳಪು ಉಳಿದರೆ ಗಾಜಿನ ಉಬ್ಬು ಗೊತ್ತಾಗುತ್ತದೆ, ಅದು ಆ ವಾಚಿನ ಅಂದವೇ.

ಪೋಲರೈಸರ್ ಫಿಲ್ಟರ್, ಅಂದರೆ ಪ್ರತಿಫಲನ ತಗ್ಗಿಸಲು ಲೆನ್ಸ್ ಮುಂದೆ ಹಾಕುವ ಗಾಜು, ತಗೊಳ್ಳಿ ಅಂತ ಯಾರಾದರೂ ಹೇಳಬಹುದು. ಗಾಜಿನ ಪ್ರತಿಫಲನಕ್ಕೆ ಅದು ಓರೆಯಿಂದ ತೆಗೆದಾಗ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ, ಗಾಜಿನ ಲಂಬರೇಖೆಗೆ ಸುಮಾರು 55 ಡಿಗ್ರಿಯಲ್ಲಿ. ನೇರ ಮೇಲಿನಿಂದ ತೆಗೆದರೆ ಪರಿಣಾಮವೇ ಇಲ್ಲ. ಲೋಹದ ಹೊಳಪನ್ನು ಅದು ತೆಗೆಯುವುದೂ ಇಲ್ಲ. ನಿಮ್ಮ ಬಜೆಟ್‌ನಲ್ಲಿ ಅದಕ್ಕೆ ಜಾಗ ಬೇಡ.

ಈಗ ಮುಳ್ಳಿನ ಹೊಳಪು. ಬಿಳಿ ಡಯಲ್ಲಿನ ಜನತಾ ತಗೊಳ್ಳಿ. ಅದರ ಪಾಲಿಶ್ ಮುಳ್ಳುಗಳಿಗೆ ಮೇಲೆ ಟ್ರೇಸಿಂಗ್ ಪೇಪರ್ ಕಂಡರೆ ಅವೂ ಬಿಳಿಯಾಗುತ್ತವೆ, ಬಿಳಿ ಡಯಲ್ ಮೇಲೆ ಕಾಣೆಯಾಗುತ್ತವೆ. ಟೈಮ್ ಎಷ್ಟು ಅಂತಲೇ ಗೊತ್ತಾಗುವುದಿಲ್ಲ. ಅದೇ ಮುಳ್ಳಿಗೆ ಒಂದು ಕಪ್ಪು ಪಟ್ಟಿ ಕಾಣುವ ಹಾಗೆ ಮೇಲಿನಿಂದ ಹಿಡಿಯಿರಿ. ಎರಡೂ ಮುಳ್ಳು ಗಾಢವಾಗಿ, ಚೂಪಾಗಿ ಎದ್ದು ನಿಲ್ಲುತ್ತವೆ. ಕಪ್ಪು ಡಯಲ್ಲಿನ ವಾಚಿನಲ್ಲಿ ಹೊಳಪಿನ ಮುಳ್ಳು, ಗಂಟೆಯ ಗುರುತುಗಳಿದ್ದರೆ ಪೂರ್ತಿ ಉಲ್ಟಾ, ಅಲ್ಲಿ ಬಿಳಿ ಕಾರ್ಡ್ ತುಂಡು ಹಿಡಿಯಬೇಕು. ಸೂರ್ಯನ ಕಿರಣದ ಹಾಗೆ ಗೆರೆಗಳಿರುವ ಡಯಲ್ ಆದರೆ ಟ್ರೇಸಿಂಗ್ ಪೇಪರ್ ಪರದೆಯನ್ನು ದೂರ ಸರಿಸಿ ಬೆಳಕನ್ನು ಸಣ್ಣದು ಮಾಡಿ. ಆಗ ಮಾತ್ರ ಆ ಹೊಳಪು ಡಮರುವಿನ ಆಕಾರದಲ್ಲಿ ಮೂಡುತ್ತದೆ.

ಚರ್ಮದ ಬೆಲ್ಟ್ ಇದ್ದರೆ ಒಳಗೆ ಕಾಗದದ ಸುರುಳಿ ಇಟ್ಟು ಕೈಗೆ ಕಟ್ಟಿದ ಹಾಗೆ ದುಂಡಗೆ ನಿಲ್ಲಿಸಿ.

ಹಳೆಯ ವಾಚು ಕೊಳ್ಳುವವರು ಏನು ಹುಡುಕುತ್ತಾರೆ ಅನ್ನುವುದು ಮುಖ್ಯ. ಮಾರುಕಟ್ಟೆಯಲ್ಲಿ ಡಯಲ್ಲಿಗೆ ಹೊಸದಾಗಿ ಬಣ್ಣ ಬಳಿದು ಅಕ್ಷರ ಅಚ್ಚು ಹಾಕಿದ ವಾಚುಗಳು ತುಂಬಾ ಇವೆ. ತಿಳಿದವರು ಡಯಲ್ಲಿನ ಸಣ್ಣಕ್ಷರಗಳನ್ನು ಹಿಗ್ಗಿಸಿ ನೋಡುತ್ತಾರೆ. ಹೆಸರಿನ ಅಕ್ಷರ ದಪ್ಪವಾಗಿದೆಯಾ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂತಿವೆಯಾ ಅಂತ ಪರೀಕ್ಷಿಸುತ್ತಾರೆ. ಅದಕ್ಕೆ ನೇರ ಮೇಲಿನಿಂದ ತೆಗೆದ ಸ್ಪಷ್ಟ ಡಯಲ್ ಫೋಟೋ, ಹಿಂಬದಿ ಮುಚ್ಚಳದ ಫೋಟೋ, ಮುಚ್ಚಳ ತೆಗೆದು ಒಳಗಿನ ಯಂತ್ರದ ಫೋಟೋ, ಬೆಲ್ಟ್ ಕೂರುವ ಕಿವಿಗಳ ಫೋಟೋ ಇವಿಷ್ಟು ಬೇಕೇ ಬೇಕು. ಯಂತ್ರದ ಫೋಟೋವನ್ನು ಯಜಮಾನರು ಸರ್ವೀಸ್ ಮಾಡುವಾಗಲೇ ತೆಗೆದಿಡಿ, ಸುಮ್ನೆ ಫೋಟೋಗಾಗಿ ಮುಚ್ಚಳ ತೆರೆದರೆ ದೂಳು ಒಳಗೆ ಹೋಗುತ್ತದೆ. ಡಯಲ್ ಮರುಬಣ್ಣದ್ದಾಗಿದ್ದರೆ ಹಾಗಂತಲೇ ಬರೆಯಿರಿ. ಗೀರು, ಸವೆದ ಲೇಪ, ಡಯಲ್ಲಿನ ಕಲೆ ಇವನ್ನು ಓರೆ ಬೆಳಕಲ್ಲಿ ಎದ್ದು ಕಾಣುವ ಹಾಗೆ ಬೇರೆಯಾಗಿ ತೆಗೆಯಿರಿ. ಕಲೆ ತೋರಿಸಿದ ವಾಚನ್ನು ಕೊಂಡವರು ಕಲೆಗಾಗಿ ವಾಪಸ್ ಕಳಿಸುವುದಿಲ್ಲ.

ಒಡವೆಗೂ ಇದೇ ಮಾತು. "ಫೋಟೋದಲ್ಲಿ ಬೇರೆ ತರ ಇತ್ತು" ಅನ್ನುವ ದೂರು ಎರಡು ಕಾರಣಕ್ಕೆ ಬರುತ್ತದೆ, ಬಣ್ಣ ಮತ್ತು ಅಳತೆ. ಎರಡಕ್ಕೂ ಒಂದೇ ಫೋಟೋ ಉತ್ತರ ಕೊಡುತ್ತದೆ. ಒಡವೆಯನ್ನು ತೊಟ್ಟು ತೆಗೆಯಿರಿ. ಕಿವಿ, ಕತ್ತು, ಕೈ ಕಂಡರೆ ಸಾಕು, ಮುಖ ಬೇಕಾಗಿಲ್ಲ. ಚರ್ಮದ ಬಣ್ಣ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲಿ ಚಿನ್ನದ ಬಣ್ಣ ಎಷ್ಟು ಗಾಢ ಅನ್ನುವುದು ನೋಡುವವರಿಗೆ ತಾನಾಗಿ ತಿಳಿಯುತ್ತದೆ. ಜುಮುಕಿ ಎಷ್ಟು ಉದ್ದ ಇಳಿಯುತ್ತದೆ ಅನ್ನುವುದೂ ತಿಳಿಯುತ್ತದೆ. ಅದರ ಜೊತೆಗೆ ಸ್ಕೇಲ್ ಪಕ್ಕದಲ್ಲಿಟ್ಟ ಇನ್ನೊಂದು ಫೋಟೋ. ತೂಕ, ಉದ್ದ, ಬಳೆಯ ಸೈಜು ವಿವರದಲ್ಲಿ ಬರೆಯಿರಿ. ಒನ್ ಗ್ರಾಮ್ ಗೋಲ್ಡ್ ಅನ್ನುವುದು ಮೊದಲ ಸಾಲಿನಲ್ಲೇ ಇರಲಿ.

ಮುಂದೆ ನೀವು ಅಪ್ಪಟ ಚಿನ್ನ ಮಾರುವಂತಾದರೆ ಹಾಲ್‌ಮಾರ್ಕ್ ಗುರುತಿನ ಹತ್ತಿರದ ಫೋಟೋ ಸೇರಿಸಿ. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಒಂದೊಂದು ಒಡವೆಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ) ಇರುವ ಹಾಲ್‌ಮಾರ್ಕ್ ಮಾತ್ರ ನಡೆಯುತ್ತದೆ. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಚಿಹ್ನೆ, 22ಕೆ916ನಂಥ ಶುದ್ಧತೆಯ ಗುರುತು, ಎಚ್‌ಯುಐಡಿ ಮೂರೂ ಓದಲು ಬಂದರೆ ಗಿರಾಕಿ ಬಿಐಎಸ್ ಕೇರ್ ಆ್ಯಪ್‌ನಲ್ಲಿ ತಾವೇ ತಾಳೆ ನೋಡಿಕೊಳ್ಳಬಹುದು. ಕೆತ್ತಿದ ಸಣ್ಣ ಗುರುತು ಕಾಣಲು ಬೆಳಕು ತೀರಾ ಓರೆಯಾಗಿ ಬೀಳಬೇಕು.

ಎಡಿಟಿಂಗ್‌ಗೆ ಸ್ನ್ಯಾಪ್‌ಸೀಡ್ ಸಾಕು. ಅಂಚು ಕತ್ತರಿಸಿ, ನೇರ ಮಾಡಿ, ದೂಳಿನ ಚುಕ್ಕೆ ಮತ್ತು ದಾರ ಅಳಿಸಿ, ಹಿನ್ನೆಲೆ ಸ್ವಲ್ಪ ಬೆಳ್ಳಗೆ ಮಾಡಿ. ಬಣ್ಣ ಗಾಢ ಮಾಡುವ ಸ್ಯಾಚುರೇಶನ್ ಮುಟ್ಟಬೇಡಿ. ಎಡಿಟ್ ಮುಗಿದ ಮೇಲೆ ಒಡವೆಯನ್ನು ಕೈಯಲ್ಲಿ ಹಿಡಿದು ಕಿಟಕಿ ಹತ್ತಿರ ನಿಂತು ಫೋನಿನ ಫೋಟೋ ಜೊತೆ ಹೋಲಿಸಿ. ಫೋನಿನ ಪರದೆಯಲ್ಲಿ ಕಣ್ಣಿಗೆ ಹಿತವಾಗಲಿ ಅಂತ ಹಾಕಿರುವ ಹಳದಿ ಛಾಯೆಯ ಸೆಟ್ಟಿಂಗ್ ಆಫ್ ಮಾಡಿರಬೇಕು, ಇಲ್ಲದಿದ್ದರೆ ಹೋಲಿಕೆಯೇ ತಪ್ಪಾಗುತ್ತದೆ.

ಇನ್‌ಸ್ಟಾಗ್ರಾಮ್‌ಗೆ 4:5 ಅಳತೆ, ಅಂದರೆ 1080 ಇಂಟು 1350 ಪಿಕ್ಸೆಲ್ ಚೆನ್ನಾಗಿ ಕೂರುತ್ತದೆ. ಅಮೆಜಾನ್‌ಗೆ ಹೋಗುವುದಾದರೆ ಮೊದಲ ಫೋಟೋದ ಹಿನ್ನೆಲೆ ಅಚ್ಚ ಬಿಳಿ ಇರಬೇಕು, ವಸ್ತು ಚೌಕಟ್ಟಿನ ಶೇ 85ರಷ್ಟು ತುಂಬಿರಬೇಕು. ವಾಟ್ಸ್ಆ್ಯಪ್ ಫೋಟೋವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಎಡಿ ಸ್ಟೋನಿನ ಅಂಚು, ಡಯಲ್ಲಿನ ಸಣ್ಣಕ್ಷರ ಮೊದಲು ಹೋಗುವುದು ಅಲ್ಲೇ. ಕಳಿಸುವಾಗ ಎಚ್‌ಡಿ ಗುರುತು ಒತ್ತಿ. ಡಯಲ್ ಮತ್ತು ಹಾಲ್‌ಮಾರ್ಕ್ ಫೋಟೋಗಳನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ತೆಗೆದ ಹಾಗೇ ತಲುಪುತ್ತವೆ.